ಕಿಟಕಿ ಕೆಳಗಿನ ಮೂಲೆ

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು ಎನ್ನುತ್ತಾರೆ. ನನ್ನ ಕೆಲಸವೂ ಅದೇ. ವಿಕಿರಣ ಸೋರಿ ಖಾಲಿಯಾದ ಬಡಾವಣೆಯಲ್ಲಿ, ತೊಳೆದು ಕೆರೆದು ಮುಗಿಸಿದ ಮನೆಗಳಿಗೆ ಹೋಗಿ, ಅಲ್ಲಲ್ಲಿ ಮೀಟರು ಹಿಡಿದು, ಇಡೀ ಮನೆ ಶುದ್ಧವೋ ಅಲ್ಲವೋ ಹೇಳುವುದು. ಎಲ್ಲಿ ಹಿಡಿಯಬೇಕೆಂದು ನಾವು ಆರಿಸುವಂತಿಲ್ಲ. ಮೊದಲ ಜಾಗವನ್ನು ಕಂಪ್ಯೂಟರು ಕಣ್ಣು ಮುಚ್ಚಿಕೊಂಡು ಆರಿಸುತ್ತದೆ. ಉಳಿದವು ಅಲ್ಲಿಂದ ಸಮದೂರಕ್ಕೆ. ಮನುಷ್ಯನ ಕೈಗೆ ಬಿಟ್ಟರೆ ತನಗೆ ಬೇಕಾದ ಕಡೆಯೇ ಹೋಗುತ್ತಾನೆ.

ಆ ದಿನದ ಮನೆ ನನ್ನ ಅಕ್ಕನದು. ಸ್ವಂತದವರ ಮನೆ ಬೇಡವೆಂದೆ, ಬೇರೆ ಜನವಿಲ್ಲವೆಂದರು. ಮನೆ ಶುದ್ಧವೆಂದಾದರೆ, ಮಗಳು ಗುಬ್ಬಿಯೊಡನೆ ಬಾಡಿಗೆ ಕೋಣೆಯಲ್ಲಿ ಮೂರು ವರ್ಷ ಕಳೆದ ಅಕ್ಕನಿಗೆ ಕೀಲಿ ಸಿಗುತ್ತಿತ್ತು.

ಕಂಪ್ಯೂಟರು ತೋರಿಸಿದ್ದು ಗುಬ್ಬಿಯ ಕೋಣೆಯಲ್ಲಿ ಕಿಟಕಿ ಕೆಳಗಿನ ಮೂಲೆಯನ್ನು. ಅಷ್ಟರಲ್ಲಿ ಅದು ಕೆಟ್ಟು ನಿಂತಿತು. ಮತ್ತೆ ಹಚ್ಚಿದರೂ ಅದೇ ಮೂಲೆ. ಮೂರನೆಯ ಸಲವೂ. ಯಂತ್ರಕ್ಕೂ ಆ ಕಿಟಕಿಯ ಗಾಳಿ ಹಿಡಿಸಿದೆ, ಬೇರೆ ಜಾಗ ತೆಗೆಯಿರಿ ಎಂದು ಜೊತೆಗೆ ಬಂದಿದ್ದ ನಮ್ಮ ಸಾಹೇಬರು ನಕ್ಕರು. ನನಗೆ ರೇಗಿತು. ಹಿಡಿಸಲಿಲ್ಲವೆಂದು ಬದಲಿಸುವುದಾದರೆ ಕಂಪ್ಯೂಟರು ಯಾಕೆ ಬೇಕು ಎಂದೆ. ಒಳಗೊಳಗೇ ಹೆದರಿದ್ದೆ.

ಮೂಲೆಯಲ್ಲಿ ಮೀಟರು ಎಲ್ಲ ಕಡೆಯಂತೆ ಆಗೊಮ್ಮೆ ಈಗೊಮ್ಮೆ ಟಿಕ್ ಎಂದಿತು, ಅಷ್ಟೆ. ಉಳಿದ ಜಾಗಗಳಲ್ಲೂ ಅಷ್ಟೆ. ಹೋದ ಜೀವ ಬಂದಂತಾಯಿತು. ಅಕ್ಕನನ್ನು ಫೋನ್ ಮಾಡಿ ಕರೆದೆ.

ಗುಬ್ಬಿ ಬಂದವಳೇ ನೇರ ಆ ಮೂಲೆಗೆ ಹೋಗಿ ಕುಳಿತಳು. ನೆಲದ ಮೇಲಿದ್ದ ಮೀಟರು ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯತೊಡಗಿತು.

“ಏನೂ ಇಲ್ಲ ಅಂದ್ಯಲ್ಲೋ,” ಎಂದಳು ಅಕ್ಕ.

ಗುಬ್ಬಿಯನ್ನು ಎತ್ತಿ ಹೊರಗೆ ನಿಲ್ಲಿಸಿದೆ. ಕೋಣೆ ಸುಮ್ಮನಾಯಿತು. ಮೀಟರನ್ನು ಅವಳ ಬಳಿ ತಂದರೆ ಮತ್ತೆ ಸಿಡಿತ. ಅವಳ ಅಂಗಿಯೊಳಗಿಂದ ಬಟ್ಟೆಯ ಬೊಂಬೆಯೊಂದು ಇಣುಕುತ್ತಿತ್ತು.

ಮನೆ ಬಿಟ್ಟ ದಿನ ಏನನ್ನೂ ತರಬಾರದೆಂದಿದ್ದರು.

“ಆ ಮೂಲೇಲಿ ಇವಳು ಒಬ್ಬಳೇ ಅಳ್ತಾ ಇದ್ಲು ಮಾಮ,” ಎಂದಳು ಗುಬ್ಬಿ. “ಅದಕ್ಕೇ ಬಚ್ಚಿಟ್ಕೊಂಡು ಬಂದೆ.”

ಅಕ್ಕನಿಗೆ ಗೊತ್ತಿತ್ತು. ಒಂದು ಬೊಂಬೆಯಿಂದ ಏನಾದೀತು ಎಂದುಕೊಂಡಿದ್ದಳು. ಅಂದಿನಿಂದ ಮಗು ಅದನ್ನು ಎದೆಗವಚಿಕೊಂಡೇ ಮಲಗುತ್ತಿತ್ತು. ಆ ಬಾಡಿಗೆ ಕೋಣೆಗೆ ನಾನು ಎಷ್ಟೋ ಸಲ ಊಟಕ್ಕೆ ಹೋಗಿದ್ದೆ, ಮೀಟರು ಒಯ್ದಿರಲಿಲ್ಲ. ನಾನು ಅಗುಳು ಹುಡುಕಿದ್ದು ಖಾಲಿ ಪಾತ್ರೆಯಲ್ಲಿ.

ಬೊಂಬೆಯನ್ನು ಬೀದಿಯಾಚೆ ನಿಂತಿದ್ದ ವ್ಯಾನಿನ ಸೀಸದ ಪೆಟ್ಟಿಗೆಗೆ ಹಾಕಿ ಬಂದೆ. ಗುಬ್ಬಿ ದರ್ಜಿಯ ಮುಂದೆ ನಿಂತ ಹಾಗೆ ಎರಡೂ ಕೈ ಎತ್ತಿ ನಿಂತಿದ್ದಳು. ಅವಳ ಮೈಗೆ ಮೀಟರು ಹಿಡಿಯಲು ನನಗೆ ಕೈಯೇ ಬರಲಿಲ್ಲ.

“ಹಿಡಿಯೋ,” ಎಂದಳು ಅಕ್ಕ.

ಹಿಡಿದೆ. ಮೀಟರು ಸಿಡಿಯುತ್ತಲೇ ಇತ್ತು.