ಮೊದಲ ತುತ್ತು

"ಇದ್ರಲ್ಲಿ ಸಪ್ಪೆ ಕ್ರೀಮ್ ಯಾವ್ದು, ಸ್ವಲ್ಪ ನೋಡಿ ಹೇಳ್ರೀ!"

ಒಲೆಯ ಮೇಲೆ ಕೋಳಿಯ ತುಂಡುಗಳು ಬೆಣ್ಣೆಯಲ್ಲಿ ಕೆಂಪಗಾಗುತ್ತಿದ್ದವು, ಬೆಳ್ಳುಳ್ಳಿ ಇನ್ನೇನು ಸೀಯುವುದರಲ್ಲಿತ್ತು. ಅವಳು ಕೈಗೊಂದರಂತೆ ಬಿಳಿ ಡಬ್ಬಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ದಿನವಿಡೀ ಕನ್ನಡಕದಂಗಡಿಯಲ್ಲಿ ನಿಂತು ನಿಂತು ಕಾಲು ಬಿದ್ದುಹೋಗಿದ್ದವು. ಚಿಟಿಕೆ ಹೊಡೆಯುವುದರಲ್ಲಿ ಆಗುವ ಅಡುಗೆ ಎಂದೇ ಇದಕ್ಕೆ ಕೈಹಾಕಿದ್ದಳು. ಈರುಳ್ಳಿ, ಬೆಳ್ಳುಳ್ಳಿ, ಕೋಳಿ, ಕಾಳುಮೆಣಸು, ಕೊನೆಗೊಂದಿಷ್ಟು ಕ್ರೀಮು, ಜೊತೆಗೆ ಬ್ರೆಡ್ಡು.

ಡಬ್ಬಿಗಳು ಗಂಡ ಡೈರಿಯಿಂದ ತಂದವು. ಒಂದು ಅಡುಗೆಯದು, ಇನ್ನೊಂದು ಮಗಳು ಪುಟ್ಟಿಯ ಕೇಕಿಗೆಂದು ಸಕ್ಕರೆ ಬೆರೆಸಿದ್ದು. ಎರಡರ ಮೇಲೂ ಏನೂ ಬರೆದಿರಲಿಲ್ಲ. ಈ ಮನೆಯಲ್ಲಿ ಡಬ್ಬಿಗೆ ಚೀಟಿ ಅಂಟಿಸುವ ಅಭ್ಯಾಸವೇ ಇಲ್ಲ. ಡೈರಿಗೆ ಬರುವ ಒಂದೊಂದು ಕ್ಯಾನಿನ ಹಾಲನ್ನೂ ಮೂಸಿ, ನಾಲಿಗೆಗೆ ಹಚ್ಚಿ, ಒಳಗೆ ಬಿಡಬೇಕೋ ಬೇಡವೋ ಎಂದು ಹೇಳುವ ಮನುಷ್ಯ ಮನೆಯಲ್ಲೇ ಇರುವಾಗ ಚೀಟಿ ಯಾಕೆ? ಅಲ್ಲಿ ಎಲ್ಲರೂ ಅವನನ್ನು ಕರೆಯುವುದೇ ಮೂಗು ಸಾಹೇಬ್ರು ಎಂದು.

ಮೂಗು ಸಾಹೇಬರು ಒಂದೊಂದು ಡಬ್ಬಿಗೂ ಬೆರಳದ್ದಿ ನೆಕ್ಕಿದರು. ಒಂದು ಕ್ಷಣ ಹೆಂಡತಿಯ ಮುಖ ನೋಡಿದರು. ಆಮೇಲೆ ಎಡಗಡೆಯ ಡಬ್ಬಿ ಮುಂದಕ್ಕೆ ತಳ್ಳಿ, "ಇದು ಕಣೇ" ಎಂದರು.

ಅವಳು ಅದನ್ನು ಪೂರ್ತಿ ಸುರಿದಳು. ದಿನವೂ ಇಳಿಸುವ ಮುಂಚೆ ಸೌಟಿನಿಂದ ಅಂಗೈಗೆ ಹಾಕಿಕೊಂಡು ರುಚಿ ನೋಡುವವಳು, ಇವತ್ತು ನೋಡಲಿಲ್ಲ. ಅವನೇ ಆರಿಸಿಕೊಟ್ಟ ಮೇಲೆ ಇನ್ನೇನು! ಮೇಲಾಗಿ ಹೊಟ್ಟೆ ತಾಳ ಹಾಕುತ್ತಿತ್ತು.

ಮೂವರೂ ಊಟಕ್ಕೆ ಕೂತರು. ಮೊದಲ ತುತ್ತು ಅವನದು. ಅವನು ಹೀಗಿದೆ ಎಂದು ಹೇಳುವವರೆಗೆ ಬೇರೆ ಯಾರೂ ತಟ್ಟೆಗೆ ಕೈಹಾಕುವ ಹಾಗಿಲ್ಲ. ಮದುವೆಯಾದ ಹೊಸದರಲ್ಲಿ ತಮಾಷೆಗೆ ಶುರುವಾದದ್ದು ಹಾಗೇ ಉಳಿದುಕೊಂಡಿತ್ತು. ಅವನು ಬ್ರೆಡ್ಡನ್ನು ಗ್ರೇವಿಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡು, ಅವಳತ್ತ ನೋಡಿದ. ಅವಳು ನಿಶ್ಚಿಂತೆಯಿಂದ ನೀರು ಬಗ್ಗಿಸುತ್ತಿದ್ದಳು.

"ಹದವಾಗಿದೆ. ಉಪ್ಪು ಕರೆಕ್ಟಾಗಿದೆ. ತಿನ್ನಿ, ತಿನ್ನಿ."

ಪುಟ್ಟಿ ಒಂದು ತುತ್ತು ತಿಂದು ಮುಖ ಕಿವುಚಿದಳು. "ಅಮ್ಮಾ, ಇದು ಕೋಳಿನಾ, ಐಸ್‌ಕ್ರೀಮಾ?"

ಅವನು ಜೋರಾಗಿ ನಕ್ಕು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡ. ಹೆಂಡತಿಯೂ ನಗುತ್ತಲೇ ಒಂದು ತುತ್ತು ತಿಂದಳು. ಬೆಳ್ಳುಳ್ಳಿಯ ಜೊತೆ ಸಕ್ಕರೆ. ಅಗಿಯಲಾಗಲಿಲ್ಲ, ನುಂಗಲೂ ಆಗಲಿಲ್ಲ. ಅವಳು ಗಂಡನ ತಟ್ಟೆ ನೋಡಿದಳು. ಅರ್ಧ ಖಾಲಿಯಾಗಿತ್ತು.

ಅವಳ ಮುಖ ಬದಲಾದದ್ದನ್ನು ಅವನು ಕಂಡ. ಕೈ ಅಲ್ಲೇ ನಿಂತಿತು. "ಹೂಂ... ನಂಗೂ ಅನ್ನಿಸ್ತು. ಸ್ವಲ್ಪ ಹುಳಿ ಬಂದಿದೆ, ಅಲ್ವಾ?"

"ಹುಳಿನಾ?" ಪುಟ್ಟಿ ಕಣ್ಣರಳಿಸಿದಳು. "ಸಿಹಿ ಅಪ್ಪಾ! ಬರೀ ಸಿಹಿ!"

ಹೆಂಡತಿ ತಟ್ಟೆಯಿಂದ ಕೈ ತೆಗೆದಳು. ಸಿಹಿಯನ್ನು ಹುಳಿ ಎನ್ನುವ ಈ ಮನುಷ್ಯ ಯಾರು? ಹನ್ನೆರಡು ವರ್ಷ ಜೊತೆಗೆ ಬಾಳಿದ ಗಂಡ ಯಾರದೋ ಮನೆಗೆ ಬಂದು ಸಿಕ್ಕಿಬಿದ್ದವನ ಹಾಗೆ ಕೂತಿದ್ದ.

"ಯಾವಾಗಿಂದ?"

"ಆ ಜ್ವರ ಬಂದಿತ್ತಲ್ಲ... ಆವಾಗಿಂದ. ಮೂಗೂ ಇಲ್ಲ, ನಾಲಿಗೆನೂ ಇಲ್ಲ. ಬಂದ್ಬಿಡುತ್ತೆ ಅಂದ್ಕೊಂಡೆ."

"ಮತ್ತೆ ದಿನಾ ಉಪ್ಪು ಜಾಸ್ತಿ, ಖಾರ ಕಮ್ಮಿ ಅಂತಿದ್ರಲ್ಲ?"

"ನೀನು ಒಳಗೆ ರುಚಿ ನೋಡಿ ಬರ್ತೀಯಲ್ಲ. ಎಲ್ಲಾ ನಿನ್ ಮುಖದಲ್ಲೇ ಇರುತ್ತೆ ಕಣೇ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಗಂಡ ತನ್ನನ್ನೇ ನೋಡುತ್ತಾನೆಂದು ಒಳಗೊಳಗೇ ಹಿಗ್ಗಿದ್ದಳು. ಆ ಸಿಟ್ಟಿನ ನಡುವೆಯೇ ಇನ್ನೊಂದು ಯೋಚನೆ ಬಂತು.

"ಡೈರೀಲಿ ಏನ್ಮಾಡ್ತಿದ್ರಿ?"

"ಪಕ್ಕದಲ್ಲಿ ಲ್ಯಾಬಿನ ಅಕ್ಕ ಇರ್ತಾರೆ. ಮೊದ್ಲು ಅವ್ರು ಮೂಸ್ತಾರೆ. ಅವ್ರ ಮುಖ ನೋಡಿ ಹೇಳ್ತೀನಿ." ಅವನು ಬ್ರೆಡ್ಡಿನ ಚೂರನ್ನು ಬೆರಳಿನಿಂದ ಹಿಸುಕಿದ. "ಇವತ್ತು ಅಕ್ಕ ರಜ."

"ಇವತ್ತು ಬಂದ ಹಾಲು?"

"ಎಲ್ಲಾ ಒಳಗೆ ಬಿಟ್ಟೆ."

ಕೊಬ್ಬು ಎಷ್ಟು, ನೀರು ಎಷ್ಟು ಎಂದು ಮಿಷನ್ನು ಹೇಳುತ್ತದೆ. ಹಾಲು ಹಳಸುತ್ತಿದೆಯೋ, ಕ್ಯಾನಿನಲ್ಲಿ ಸೀಮೆಎಣ್ಣೆಯ ವಾಸನೆ ಸೇರಿದೆಯೋ ಎಂಬುದನ್ನು ಹೇಳುವುದು ಇವನ ಮೂಗು. ಮನೆಗೆ ಬಂದವರ ಮುಂದೆಲ್ಲ ಅವಳೇ ಹೆಮ್ಮೆಯಿಂದ ಹೇಳಿಕೊಂಡ ಮಾತು ಇದು. ಆ ಹಾಲೆಲ್ಲ ಈಗ ದೊಡ್ಡ ತೊಟ್ಟಿಯಲ್ಲಿ ಬೆರೆತು ನಿಂತಿದೆ. ಬೆಳಗಾದರೆ ಪ್ಯಾಕೆಟ್ಟಾಗಿ ಮನೆಮನೆಗೆ ಹೋಗುತ್ತದೆ.

"ಚಿಕ್ಕಮಕ್ಕಳು ಕುಡೀತಾರೆ ರೀ."

"ಏನೂ ಆಗಿರಲ್ಲ. ದಿನಾ ಚೆನ್ನಾಗೇ ಇರುತ್ತೆ."

"ಇದೂ ಹದವಾಗಿದೆ ಅಂದ್ರಲ್ಲ!" ಅವಳು ತಟ್ಟೆಯನ್ನು ಅವನ ಕಡೆಗೆ ನೂಕಿದಳು. ಗ್ರೇವಿ ಮೇಜಿನ ಮೇಲೆ ಚೆಲ್ಲಿತು.

"ಹೇಳಿದ್ರೆ ಆಮೇಲೆ ನಾನು ಅಲ್ಲಿ ಯಾರು?" ಅವನು ತಟ್ಟೆ ಪಕ್ಕಕ್ಕೆ ಸರಿಸಿದ. "ಗೇಟಲ್ಲಿ ಕೂತು ಕ್ಯಾನ್ ಎಣಿಸ್ಲಾ?"

ಅವಳಿಗೆ ಪಾಪ ಅನ್ನಿಸಿತು, ಕಪಾಳಕ್ಕೆ ಬಾರಿಸಬೇಕು ಎಂದೂ ಅನ್ನಿಸಿತು. ಎದ್ದು ಹೋಗಿ ಅವನ ಫೋನು ತಂದು ತಟ್ಟೆಯ ಪಕ್ಕದಲ್ಲಿಟ್ಟಳು.

ಅವನು ಕೈ ಒರೆಸಿಕೊಂಡು ಮ್ಯಾನೇಜರಿಗೆ ಫೋನು ಮಾಡಿದ.

"ಸಾರ್, ಇವತ್ತಿನ ಹಾಲು ಪ್ಯಾಕಿಂಗಿಗೆ ಬಿಡ್ಬೇಡಿ... ನಾನೇ ನೋಡಿದ್ದು ಸಾರ್. ಅದಕ್ಕೇ ಹೇಳ್ತಿರೋದು."

ಆ ಕಡೆಯ ನಗು ತಾಯಿ-ಮಗಳಿಬ್ಬರಿಗೂ ಕೇಳಿಸಿತು. "ಏನ್ ಮೂಗು ಸಾಹೇಬ್ರೇ, ಊಟದ ಹೊತ್ತಲ್ಲಿ ತಮಾಷೆನಾ?"

"ತಮಾಷೆ ಅಲ್ಲ ಸಾರ್. ನಂಗೆ ವಾಸನೆ ಗೊತ್ತಾಗಲ್ಲ. ರುಚಿನೂ ಗೊತ್ತಾಗಲ್ಲ. ಏನೂ ಗೊತ್ತಾಗಲ್ಲ."

ಫೋನಿನಲ್ಲಿ ನಗು ನಿಂತಿತು. ಆಮೇಲೆ ಗಡಿಬಿಡಿಯಲ್ಲಿ ಯಾರನ್ನೋ ಕೂಗಿದ್ದು, ಬಾಗಿಲು ಬಡಿದದ್ದು ಕೇಳಿಸಿತು. ತೊಟ್ಟಿಯ ಹಾಲು ತಡೆಯುತ್ತೇವೆ, ನೀವು ನಾಳೆ ಮೊದಲು ಆಫೀಸಿಗೆ ಬನ್ನಿ ಎಂದು ಮ್ಯಾನೇಜರು ಫೋನು ಇಟ್ಟರು.

ಅವಳು ತಟ್ಟೆಗಳನ್ನು ತೆಗೆಯಲು ಎದ್ದಳು. ಅಷ್ಟರಲ್ಲಿ ಪುಟ್ಟಿ ಅಡುಗೆಮನೆಯಿಂದ ಒಂದು ಎಸಳು ಬೆಳ್ಳುಳ್ಳಿ ಜಜ್ಜಿಕೊಂಡು ಬಂದು, ಅಂಗೈ ಚಾಚಿ ಅಪ್ಪನ ಮೂಗಿನ ಹತ್ತಿರ ಹಿಡಿದಳು.

"ಇದು ಬರುತ್ತಾ, ನೋಡು."

ಅವನು ಕಣ್ಣುಮುಚ್ಚಿ ಉಸಿರೆಳೆದುಕೊಂಡ. ಇನ್ನೊಮ್ಮೆ ಎಳೆದುಕೊಂಡ. ಆಮೇಲೆ ಅಭ್ಯಾಸಬಲದಿಂದ ತಲೆ ಎತ್ತಿ ಮಗಳನ್ನು ನೋಡಿದ. ಅವಳು ಇನ್ನೊಂದು ಕೈಯಿಂದ ತನ್ನ ಮುಖವನ್ನು ಪೂರ್ತಿ ಮುಚ್ಚಿಕೊಂಡಿದ್ದಳು.