ತಳ ಒಡೆದ ಗಡಿಗೆಯ ಬಿಸಿಲು

ನಾನು ತಳವಿಲ್ಲದ ಒಂದು ಗಡಿಗೆ. ಕುಂಬಾರ ಮಾಡಿದಾಗ ನನಗೂ ತಳವಿತ್ತು, ನೀರು ತುಂಬಿಕೊಳ್ಳುವ ಆಸೆಯೂ ಇತ್ತು. ಗುಳೇದಗುಡ್ಡದ ಈ ಮನೆ ಕಟ್ಟುವಾಗ ಗೌಂಡಿ ನನ್ನ ತಳ ಒಡೆದು, ಅಡುಗೆಮನೆಯ ಮೇಲಿನ ಮಣ್ಣಿನ ಮಾಳಿಗೆಯಲ್ಲಿ ಬಾಯಿ ಮೇಲಾಗಿ ಹುಗಿದ. ಹಾಳಾದೆ ಎಂದುಕೊಂಡೆ. ಬೆಳಗಾಯಿತು. ನನ್ನೊಳಗಿಂದ ಸೂರ್ಯ ಇಳಿದು, ನೆಲದ ಮೇಲೆ ಊಟದ ತಟ್ಟೆಯಷ್ಟಗಲ ಕುಳಿತ. ಆ ಬೆರಗು ಇಂದಿಗೂ ಇಳಿದಿಲ್ಲ.

ಅಂದಿನಿಂದ ನಾನು ಈ ಮನೆಯ ಬೆಳಕಿಂಡಿ. ಹೊಗೆ ನನ್ನಿಂದ ಮೇಲೇರುತ್ತಿತ್ತು, ಬಿಸಿಲು ಕೆಳಗಿಳಿಯುತ್ತಿತ್ತು. ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ನನ್ನ ಬಾಯಿಗೆ ಕಲ್ಲು ಮುಚ್ಚುತ್ತಿದ್ದರು.

ಗುರುಬಸವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಅವಳಿಗೆ ನನ್ನ ಬಿಸಿಲು ತೋರಿಸಿಯೇ ಅಡುಗೆ ಕಲಿಸಿದಳು. "ಬಿಸಲು ಈ ಕಲ್ಲಿಗೆ ಬಂದ್ರ ಎಸರು ಇಡು. ಒರಳಿನ ಹತ್ರ ಹೋದ್ರ ರೊಟ್ಟಿ ತಟ್ಟು."

ಆ ಸೊಸೆ ಅಜ್ಜಿಯಾದಳು. ಕಣ್ಣು ಮೊದಲು ಮಂಜಾಯಿತು, ಆಮೇಲೆ ಪೂರ್ತಿ ಕತ್ತಲು. ಆದರೂ ರೊಟ್ಟಿಯ ಹೊತ್ತು ತಪ್ಪಲಿಲ್ಲ. ಬರಿಗಾಲಿನಿಂದ ನೆಲ ತಡವುತ್ತಿದ್ದಳು. ಬೆಚ್ಚಗಿನ ಕಲ್ಲು ಸಿಕ್ಕ ಕೂಡಲೇ "ಸೂರ್ಯಾ ಬಂದಾನ" ಎಂದು ಒಲೆಯ ಮುಂದೆ ಕೂರುತ್ತಿದ್ದಳು.

ಈ ವರ್ಷ ಅವಳ ಮೊಮ್ಮಗನ ಹೆಂಡತಿ ಸುವರ್ಣಾ ಅಡುಗೆಮನೆ ರಿಪೇರಿಗೆ ತೆಗೆದಳು. ಗ್ಯಾಸ್, ಸಿಂಕ್, ನಿಂತು ಅಡುಗೆ ಮಾಡುವ ಕಟ್ಟೆ ಎಲ್ಲ ಬರಬೇಕಿತ್ತು.

ಹೊಸ ಗೌಂಡಿ ನನ್ನತ್ತ ಕೈ ತೋರಿಸಿದ. "ಅಕ್ಕಾರ, ಈ ತೂತು ಮುಚ್ಚಿಬಿಡ್ತೀನ್ರಿ. ಒಂದು ಟ್ಯೂಬ್‌ಲೈಟ್ ಹಾಕಿದ್ರ ಮುಗೀತು."

"ತೂತಲ್ಲಪಾ, ನಮ್ಮ ಅಜ್ಜಿ ಗಡಿಯಾರ ಅದು! ಮುಚ್ಚಿದ್ರ ನಿನಗ ಚಹಾ ಬಂದ್" ಎಂದಳು ಸುವರ್ಣಾ.

ನಾನು ಉಳಿದೆ. ಹಳೆಯ ತೊಲೆಗಳು ಉಳಿದವು, ಸವೆದ ನೆಲಗಲ್ಲೂ ಉಳಿಯಿತು. ನನ್ನ ಬಾಯಿಗೆ ಗಾಜು ಬಂತು. ಒಳ್ಳೆಯ ಬೆಳಕು ಬೀಳುತ್ತದೆಂದು ಸುವರ್ಣಾ ಕಟ್ಟೆಯನ್ನು ಸರಿಯಾಗಿ ನನ್ನ ಕೆಳಗೇ ಕಟ್ಟಿಸಿದಳು. ಅಲ್ಲೇ ತಪ್ಪಿತು.

ಕೆಲಸ ಮುಗಿದ ಮೇಲೆ ಅಜ್ಜಿ ಒಳಗೆ ಬಂದಳು. ಕಾಲು ಅತ್ತ ತಡವಿತು, ಇತ್ತ ತಡವಿತು. ಎಲ್ಲೆಡೆ ನೆಲ ತಣ್ಣಗೆ.

"ಯವ್ವಾ, ಮೋಡ ಐತೇನ?"

ಸುವರ್ಣಾ ತಲೆಯೆತ್ತಿ ನನ್ನನ್ನು ನೋಡಿದಳು, ಆಮೇಲೆ ಕಟ್ಟೆಯನ್ನು. ಬಿಸಿಲೆಲ್ಲ ಅಲ್ಲೇ ನಿಂತಿತ್ತು. ಹೊತ್ತು ತಿಳಿಯದಿದ್ದರೆ ಅಜ್ಜಿಗೆ ಈ ಅಡುಗೆಮನೆಯಲ್ಲಿ ಇನ್ನೇನು ಉಳಿಯಿತು? ಸುವರ್ಣಾ ಬಂದು ಅಜ್ಜಿಯ ಕೈ ಹಿಡಿದಳು. "ಅಜ್ಜಿ, ತಪ್ಪಾತು. ಕಟ್ಟಿ ಒಡಸ್ತೀನಿ."

"ಒಡಸೂದು ಆಮ್ಯಾಲ. ಮೊದಲ ತೋರ್ಸು."

ಸುವರ್ಣಾ ಅವಳ ಅಂಗೈಯನ್ನು ಕಟ್ಟೆಯ ಕರಿಕಲ್ಲಿನ ಮೇಲಿಟ್ಟಳು. ನನ್ನ ಬಿಸಿಲು ಆ ಸುಕ್ಕುಗಳ ತುಂಬ ಹರಿಯಿತು. ಅಜ್ಜಿ ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಇಲ್ಲೇ ಅದಾನಲ್ಲ! ನಾವು ಕುಂತು ಅಡಗಿ ಮಾಡೂ ಮುಂದ ಅಂವಾನೂ ಕುಂತಿದ್ದ. ಈಗ ನೀ ನಿಂತಿ, ಅಂವಾನೂ ಎದ್ದು ನಿಂತಾನ." ಹಲ್ಲಿಲ್ಲದ ಬಾಯಿ ನಕ್ಕಿತು. "ಒಡೀಬ್ಯಾಡ. ಎಸರು ಇಡು, ನಾ ಹಿಟ್ಟು ನಾದ್ತೀನಿ."

ನನಗೂ ವಯಸ್ಸಾಯಿತು, ಅಂಚು ಪುಡಿಪುಡಿ ಉದುರುತ್ತಿದೆ. ನೀರು ತುಂಬುವ ಆಸೆ ಎಂದೋ ಹೋಯಿತು. ದಿನವೂ ಸೂರ್ಯ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಅಜ್ಜಿಯ ಕೈ ಕಾಯುತ್ತಿರುತ್ತದೆ. ಪಕ್ಕದಲ್ಲಿ ಈಗೀಗ ಇನ್ನೊಂದು ಕೈಯೂ ಇರುತ್ತದೆ. ಸುವರ್ಣಾ ಕಣ್ಣು ಮುಚ್ಚಿಕೊಂಡು, ಕಲ್ಲು ಬೆಚ್ಚಗಾಗುವ ಹೊತ್ತನ್ನು ಅಂಗೈಯಲ್ಲೇ ಕಲಿಯುತ್ತ ನಿಲ್ಲುತ್ತಾಳೆ.