ನಂಜಯ್ಯನವರ ಜಗಲಿಯ ವೈಫೈ

ವಿದ್ಯಾರಣ್ಯಪುರಂನ ನಂಜಯ್ಯನವರ ಮನೆಯ ಮುಂದೆ ಪೊಲೀಸ್ ಜೀಪು ಬಂದು ನಿಂತಾಗ ಜಗಲಿಯ ಮೇಲೆ ಐದಾರು ಜನ ಮೊಬೈಲ್ ಹಿಡಿದು ಕೂತಿದ್ದರು. ಇನ್ಸ್‌ಪೆಕ್ಟರು ಇಳಿದು ಗೇಟು ತೆರೆಯುವಷ್ಟರಲ್ಲಿ ಜಗಲಿ ಖಾಲಿ. ಒಬ್ಬರಂತೂ ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಕಾಲಿಗೆ ಬುದ್ಧಿ ಹೇಳಿದ್ದರು.

"ಮಂಜುಶ್ರೀ ಅನ್ನೋರು ಯಾರು?" ಎಂದರು ಇನ್ಸ್‌ಪೆಕ್ಟರು.

ನಂಜಯ್ಯನವರು ಬಾಗಿಲಿಗೆ ಬಂದರು. ಮಂಜುಶ್ರೀ ಅವರ ಸೊಸೆ. ಮಗ ಯೋಗೇಂದ್ರ ಟ್ಯಾಕ್ಸಿ ತೆಗೆದುಕೊಂಡು ಊಟಿಗೆ ಹೋಗಿದ್ದ. ಮನೆಯಲ್ಲಿ ಇದ್ದವರು ಸೊಸೆ, ಹೆಂಡತಿ ಸಿದ್ದಲಿಂಗಮ್ಮ ಮತ್ತು ತಾವು. ಪೊಲೀಸರು ಮನೆ ಹೆಣ್ಣುಮಗಳ ಹೆಸರು ಹಿಡಿದು ಕೇಳಿಕೊಂಡು ಬರುವುದೆಂದರೆ ಏನು?

"ನಾನೇ ಸಾರ್," ಎನ್ನುತ್ತ ಮಂಜುಶ್ರೀ ಒದ್ದೆ ಕೈ ಒರೆಸಿಕೊಂಡು ಹೊರಗೆ ಬಂದಳು.

"ಈ ಮನೆ ಇಂಟರ್‌ನೆಟ್ ಕನೆಕ್ಷನ್ ನಿಮ್ಮ ಹೆಸರಲ್ಲಿದೆ. ಕೆಲಸ ಕೊಡಿಸ್ತೀವಿ ಅಂತ ಸುಳ್ಳು ಹೇಳಿ ಜನರ ಹತ್ರ ದುಡ್ಡು ಕಿತ್ಕೊಳ್ತಾ ಇದಾರೆ. ಆ ಮೆಸೇಜುಗಳೆಲ್ಲ ಹೋಗಿರೋದು ನಿಮ್ಮ ಕನೆಕ್ಷನ್ನಿಂದಮ್ಮ. ನಿಮ್ಮ ಲ್ಯಾಪ್‌ಟಾಪು, ಮನೇಲಿರೋ ಫೋನುಗಳು ಎಲ್ಲಾ ತಗೊಂಡು ನಾಳೆ ಠಾಣೆಗೆ ಬರ್ಬೇಕು."

ಮಂಜುಶ್ರೀಯ ಮುಖ ಬಿಳಿಚಿಕೊಂಡಿತು. ಸೋಮವಾರ ಅವಳು ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಕೆಲಸಕ್ಕೆ ಸೇರುವವಳಿದ್ದಳು. ಪೊಲೀಸರ ಪರಿಶೀಲನೆ ಒಂದು ಮುಗಿದರೆ ಆಯಿತು ಎಂದು ಬ್ಯಾಂಕಿನವರು ಹೇಳಿದ್ದರು. ಮೂರು ವರ್ಷ ಓದಿ ಗಿಟ್ಟಿಸಿದ ಕೆಲಸ. ಮೋಸದ ಕೇಸಿನಲ್ಲಿ ಹೆಸರು ಸಿಕ್ಕಿಕೊಂಡವಳನ್ನು ಯಾವ ಬ್ಯಾಂಕು ಒಳಗೆ ಬಿಟ್ಟುಕೊಳ್ಳುತ್ತದೆ?

"ನಿಮ್ಮ ವೈಫೈ ಯಾರ್ಯಾರು ಉಪಯೋಗಿಸ್ತಾರೆ?"

ಮಂಜುಶ್ರೀ ಮಾವನ ಕಡೆ ನೋಡಿದಳು. ಆ ನೋಟಕ್ಕೆ ಕಾರಣವಿತ್ತು.

ಹೋದ ವರ್ಷ ಮಗಳು ಪವಿತ್ರಳ ಮದುವೆಯಾಯಿತು. ಬೀಗರ ಊಟಕ್ಕೆ ಮನೆ ಮುಂದೆ ಶಾಮಿಯಾನ ಹಾಕಿಸಿದ್ದರು. ಮಂಡಕಳ್ಳಿಯಿಂದ ಬಂದ ಬೀಗರು ಬಾಡೂಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ವೈಫೈ ಪಾಸ್‌ವರ್ಡ್ ಏನು ಎಂದು ಕೇಳಿದರು. ಒಬ್ಬೊಬ್ಬರಿಗೂ ಸೊಸೆ ಅಕ್ಷರ ಬಿಡಿಸಿ ಹೇಳುವುದನ್ನು ಕಂಡು ನಂಜಯ್ಯನವರಿಗೆ ಮೈ ಉರಿಯಿತು. ಗಂಡಿನ ಕಡೆಯವರನ್ನು ಬಾಗಿಲಲ್ಲಿ ನಿಲ್ಲಿಸಿ ಹೆಸರು, ಊರು ವಿಚಾರಿಸಿದ ಹಾಗಾಯಿತಲ್ಲ ಎನ್ನಿಸಿತು. ಪಕ್ಕದ ಮನೆಯ ರಾಜೇಶನನ್ನು ಕರೆದು ಪಾಸ್‌ವರ್ಡನ್ನೇ ತೆಗೆಸಿಬಿಟ್ಟರು. ಶಾಮಿಯಾನದ ಕೊನೆಯವರೆಗೂ ಸಿಗಲಿ ಎಂದು ವೈಫೈ ಪೆಟ್ಟಿಗೆಯನ್ನು ಬೀದಿ ಕಿಟಕಿಯ ಮೇಲೆ ಇಡಿಸಿದರು. ಬೀಗರು ಹೊಗಳಿದರು. ನಂಜಯ್ಯನವರ ಮೀಸೆ ಎರಡು ದಿನ ಇಳಿಯಲಿಲ್ಲ.

ಆಮೇಲೆ ಸೊಸೆ ಎಷ್ಟು ಹೇಳಿದರೂ ಅವರು ಪಾಸ್‌ವರ್ಡ್ ಹಾಕಲು ಬಿಡಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಜಗಲಿಗೆ ಜನ ಬರತೊಡಗಿದ್ದರು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಮೇಲೆ ಮಾತಿಗೆ ಯಾರೂ ಸಿಗದೆ ಒದ್ದಾಡುತ್ತಿದ್ದ ಮನುಷ್ಯ ಅವರು. ಈಗ ಬೆಳಿಗ್ಗೆ ಪೇಪರು ಓದಿ ಮುಗಿಸುವಷ್ಟರಲ್ಲಿ ಜಗಲಿ ತುಂಬುತ್ತಿತ್ತು. ಆಟೋ ಪುಟ್ಟಮಾದಯ್ಯ, ಇಸ್ತ್ರಿ ಅಂಗಡಿಯ ಪುಟ್ಟಸ್ವಾಮಿ, ಹೀಗೆ ಒಬ್ಬೊಬ್ಬರೇ ಬಂದು ಫೋನು ನೋಡುತ್ತ ಹರಟುತ್ತಿದ್ದರು. ಅವರು ಬರುತ್ತಿದ್ದುದು ವೈಫೈಗೋ ತಮಗೋ ಎಂದು ನಂಜಯ್ಯನವರು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಲು ಮನಸ್ಸೂ ಇರಲಿಲ್ಲ.

"ನಾವು ಉಪಯೋಗಿಸಿ ಮಿಕ್ಕಿದ್ದು ತಾನೇ ಅವರು ತಗೊಳೋದು? ನೆಟ್ಟೇನು ಸವೆದೋಯ್ತದಾ? ಬುಡಮ್ಮ ಅತ್ಲಾಗೆ," ಎಂದು ಸೊಸೆಯ ಬಾಯಿ ಮುಚ್ಚಿಸುತ್ತಿದ್ದರು.

ಈಗ ಬಾಯಿ ಬಿಡಬೇಕಾದ ಸರದಿ ಅವರದು.

"ಪಾಸ್‌ವರ್ಡ್ ಇಲ್ಲ ಸ್ವಾಮಿ. ಯಾರು ಬೇಕಾದ್ರೂ ಉಪಯೋಗಿಸ್ಕೊಬೋದು," ಎಂದರು.

"ಯಾರು ಬೇಕಾದ್ರೂ ಅಂದ್ರೆ ನಾನೇನ್ ಬರ್ಕೊಳ್ಲಿ ಯಜಮಾನ್ರೇ? ಹೆಸರು ಹೇಳಿ. ಈ ಚಪ್ಪಲಿ ಯಾರ್ದು?"

ಚಪ್ಪಲಿ ಯಾರದೆಂದು ನಂಜಯ್ಯನವರಿಗೆ ಗೊತ್ತಿತ್ತು. ಮೂರು ತಿಂಗಳ ಹಿಂದೆ ಅವರಿಗೆ ಎದೆನೋವು ಬಂದಾಗ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದು, ಮಗ ಬರುವ ತನಕ ಮಂಚದ ಪಕ್ಕ ಕೂತಿದ್ದವನ ಚಪ್ಪಲಿ ಅದು. ಹೇಳದಿದ್ದರೆ ಸೊಸೆಯ ಕುತ್ತಿಗೆಗೆ ಬರುತ್ತದೆ. ಹೇಳಿದರೆ ಅವನ ಕುತ್ತಿಗೆಗೆ.

"ಪುಟ್ಟಮಾದಯ್ಯಂದು," ಎಂದರು. ಆಮೇಲೆ ಉಳಿದವರ ಹೆಸರನ್ನೂ ಹೇಳಿದರು. ತಾವೇ ಕರೆದು ಕೂರಿಸಿಕೊಂಡವರನ್ನು ಒಬ್ಬೊಬ್ಬರಾಗಿ ಪೊಲೀಸರಿಗೆ ಹಿಡಿದುಕೊಟ್ಟಂತೆ ಅವರಿಗೆ ಸಂಕಟವಾಯಿತು.

ಜೀಪು ಹೋಯಿತು. ಅಕ್ಕಪಕ್ಕದ ಮನೆಗಳ ಕಿಟಕಿಗಳಲ್ಲಿ ಮುಖಗಳು ಕಂಡು ಮರೆಯಾದವು. ಸಿದ್ದಲಿಂಗಮ್ಮ ತಮ್ಮ ಅಣ್ಣನ ಮಗಳು ಅನುಪಮಾಗೆ ಫೋನು ಮಾಡಿದರು. ಅನುಪಮಾ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಜಯಲಕ್ಷ್ಮಿಪುರಂನಿಂದ ಸ್ಕೂಟರಿನಲ್ಲಿ ಬಂದಿಳಿದಾಗ ಮಧ್ಯಾಹ್ನದ ಅಡುಗೆ ಹಾಗೇ ಒಲೆಯ ಮೇಲಿತ್ತು. ಯಾರೂ ತಟ್ಟೆ ಹಾಕಿರಲಿಲ್ಲ.

"ಕಿಟಕೀಲಿ ಯಾಕಿದೆ ಮಾವ ಇದು? ಒಳಗಡೆ ರೂಮಿಗೆ ಸಿಗ್ನಲ್ ಸಿಗುತ್ತಾ?"

"ಸಿಕ್ಕಲ್ಲ ಕಣಕ್ಕ," ಎಂದಳು ಮಂಜುಶ್ರೀ. "ನಾನು ಪರೀಕ್ಷೆಗೆ ಓದ್ಕೊಂಡಿದ್ದೆಲ್ಲ ಬಾಗ್ಲ ಹತ್ರ ಕೂತು. ಬೀದೀಗೆ ಚೆನ್ನಾಗಿ ಸಿಗ್ತದೆ."

ನಂಜಯ್ಯನವರಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. "ಜಗಲಿಗೆ ಬರೋರು ಅಂಥೋರಲ್ಲ ಕಣವ್ವ. ಪೊಲೀಸ್ನೋರು ಎಲ್ಲೋ ತಪ್ಪು ತಿಳ್ಕೊಂಡವ್ರೆ. ಪಾಸ್‌ವರ್ಡ್ ಹಾಕಿದ್ಮಾತ್ರಕ್ಕೆ ಕಳ್ರು ಸುಮ್ಕಿರ್ತಾರಾ?"

"ಕಳ್ಳ ಬರದೇ ಇರಬೋದು, ಬರಬೋದು. ಆದ್ರೆ ಬಾಗಿಲು ತೆಗೆದಿಟ್ಟು ಮಲಗಿದ್ರೆ ಒಳಗೆ ಬಂದೋನು ಯಾರು ಅಂತ ನಿಮಗೂ ಗೊತ್ತಾಗಲ್ಲ, ಪೊಲೀಸರಿಗೂ ಗೊತ್ತಾಗಲ್ಲ. ಆಗ ಅವರು ಕೇಳೋದು ಮನೆ ಯಾರ ಹೆಸರಲ್ಲಿದೆ ಅಂತ. ಸರಿ, ಮೊದಲು ಮನೇಲಿರೋ ಫೋನು, ಟಿವಿ ಎಲ್ಲಾ ಆಫ್ ಮಾಡಿ."

ಎಲ್ಲವನ್ನೂ ಆಫ್ ಮಾಡಿದರು. ಅನುಪಮಾ ತನ್ನ ಲ್ಯಾಪ್‌ಟಾಪಿನಿಂದ ಪೆಟ್ಟಿಗೆಗೆ ಒಂದು ವೈರು ಸಿಕ್ಕಿಸಿ ಏನೋ ಒತ್ತಿದಳು. "ಪೆಟ್ಟಿಗೆ ಸೆಟ್ಟಿಂಗ್ ಒಳಗೆ ಹೋಗೋ ಪಾಸ್‌ವರ್ಡೂ ಕಂಪನಿಯವರು ತಳದಲ್ಲಿ ಅಂಟಿಸಿರೋದೇ ಇನ್ನೂ ಇದೆ," ಎಂದು ಗೊಣಗಿದಳು. ಆಮೇಲೆ ಪರದೆಯನ್ನೇ ನೋಡುತ್ತ ಕೂತಳು. ಅವಳ ಹುಬ್ಬು ಗಂಟಾಯಿತು.

"ಜಗಲಿ ಮೇಲೆ ಯಾರಾದ್ರೂ ಇದಾರಾ?"

"ಒಬ್ರೂ ಇಲ್ಲ," ಎಂದರು ಸಿದ್ದಲಿಂಗಮ್ಮ.

"ಹಾಗಾದ್ರೆ ಈಗ ನಮ್ಮ ವೈಫೈನಲ್ಲಿರೋದು ಯಾರು?"

ಮನೆಯ ಸಾಮಾನೆಲ್ಲ ಬಂದ್ ಆಗಿದ್ದರೂ ಒಂದು ಕಂಪ್ಯೂಟರು ಅವರ ಪೆಟ್ಟಿಗೆಗೆ ಸೇರಿಕೊಂಡು ಕೆಲಸ ಮಾಡುತ್ತಲೇ ಇತ್ತು. ಯಾರೋ, ಎಲ್ಲೋ ಹತ್ತಿರದಲ್ಲೇ, ಆ ಗಳಿಗೆಯಲ್ಲೇ. ನಂಜಯ್ಯನವರು ಮಂಚದಿಂದೆದ್ದು ಪೆಟ್ಟಿಗೆಯ ವೈರು ಕಿತ್ತುಹಾಕಲು ಹೊರಟರು.

"ಮುಟ್ಟಬೇಡಿ ಮಾವ. ಕಿತ್ರೆ ಅವನಿಗೆ ಗೊತ್ತಾಗುತ್ತೆ. ಕಿಟಕಿ ಹತ್ರಾನೂ ಹೋಗ್ಬೇಡಿ."

ಇನ್ಸ್‌ಪೆಕ್ಟರು ಕೊಟ್ಟುಹೋಗಿದ್ದ ನಂಬರಿಗೆ ಅನುಪಮಾ ತನ್ನ ಫೋನಿನಿಂದ ಕರೆ ಮಾಡಿದಳು. ಹಾಗೇ ಬಿಟ್ಟಿರಿ, ಬರುತ್ತೇವೆ ಎಂದರು ಅವರು. ಆಮೇಲಿನ ಕಾಯುವಿಕೆ ನಂಜಯ್ಯನವರಿಗೆ ಆಪರೇಷನ್ ಥಿಯೇಟರಿನ ಹೊರಗೆ ಕೂತಷ್ಟು ಕಷ್ಟವಾಯಿತು. ಪೆಟ್ಟಿಗೆಯ ಹಸಿರು ದೀಪ ಮಿಣುಕುತ್ತಿತ್ತು. ಅದು ಮಿಣುಕಿದಾಗಲೆಲ್ಲ ಸೊಸೆಯ ಹೆಸರಲ್ಲಿ ಇನ್ನೊಬ್ಬ ಬಡಪಾಯಿಗೆ ಮೋಸವಾಗುತ್ತಿದೆ ಎಂದು ಅವರಿಗೆ ಅನ್ನಿಸುತ್ತಿತ್ತು. ಮಂಜುಶ್ರೀ ಗೋಡೆಗೊರಗಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಅವಳು ಒಂದು ಮಾತು ಬೈದಿದ್ದರೂ ಚೆನ್ನಾಗಿತ್ತು. ಬೈಯಲಿಲ್ಲ.

ಮಾಮೂಲಿ ಬಟ್ಟೆಯಲ್ಲಿದ್ದ ಇಬ್ಬರು ಪೊಲೀಸರು ಬಂದರು. ಕೈಯಲ್ಲಿದ್ದ ಸಿಗ್ನಲ್ ಪತ್ತೆಹಚ್ಚುವ ಉಪಕರಣ ನೋಡುತ್ತ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರು. ಎದುರು ಕಟ್ಟಡದ ಮುಂದೆ ನಿಂತರು. ಮೆಟ್ಟಿಲು ಹತ್ತಿದರು. ಸ್ವಲ್ಪ ಹೊತ್ತಿಗೆ ಮೇಲಿನ ಬಾಡಿಗೆ ರೂಮಿನಿಂದ ಒಬ್ಬ ಯುವಕನನ್ನು ಇಳಿಸಿಕೊಂಡು ಬಂದರು.

ನಂಜಯ್ಯನವರಿಗೆ ಅವನ ಗುರುತು ಸಿಕ್ಕಿತು. ದಿನಾ ಬೆಳಿಗ್ಗೆ ಮಹಡಿಯಿಂದಲೇ ನಮಸ್ಕಾರ ಯಜಮಾನ್ರೇ ಎನ್ನುತ್ತಿದ್ದ ಹುಡುಗ. ಒಂದು ದಿನವೂ ಜಗಲಿಗೆ ಬಂದವನಲ್ಲ. ಬರುವ ಅವಶ್ಯಕತೆ ಅವನಿಗಿರಲಿಲ್ಲ. ಬೀದಿ ಕಿಟಕಿಯ ಪೆಟ್ಟಿಗೆ ಅವನ ರೂಮಿನವರೆಗೂ ಧಾರಾಳವಾಗಿ ಮುಟ್ಟುತ್ತಿತ್ತು.

ಮಂಜುಶ್ರೀಯ ಹೇಳಿಕೆ ಬರೆದುಕೊಂಡ ಇನ್ಸ್‌ಪೆಕ್ಟರು, "ನಿಮ್ಮ ಅದೃಷ್ಟ ಕಣಮ್ಮ, ಅವನು ಕೂತಲ್ಲೇ ಸಿಕ್ಕ. ರೂಮು ಖಾಲಿ ಮಾಡಿದ್ದಿದ್ರೆ ನಿಮ್ಮದೇನೂ ತಪ್ಪಿಲ್ಲ ಅಂತ ತೋರ್ಸೋಕೆ ತಿಂಗಳುಗಟ್ಟಲೆ ಅಲೀಬೇಕಾಗಿತ್ತು," ಎಂದರು. ಅವರು ಹೋದ ಮೇಲೆ ಮಂಜುಶ್ರೀ ಅಡುಗೆಮನೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ನಂಜಯ್ಯನವರು ಬಾಗಿಲಲ್ಲಿ ನಿಂತು, "ತಪ್ಪಾಯ್ತು ಕಣಮ್ಮ," ಎಂದರು. ಆ ಮನೆಯಲ್ಲಿ ಆ ಮಾತನ್ನು ಅವರ ಬಾಯಲ್ಲಿ ಯಾರೂ ಕೇಳಿರಲಿಲ್ಲ.

ಮರುದಿನ ಅನುಪಮಾ ಅವರನ್ನು ಅಂಗಡಿಗೆ ಕರೆದುಕೊಂಡು ಹೋದಳು. ಹಳೆಯ ಪೆಟ್ಟಿಗೆಗೆ ವಯಸ್ಸಾಗಿ, ಕಂಪನಿಯವರು ಅದರ ರಿಪೇರಿ ಅಪ್‌ಡೇಟ್ ಕಳಿಸುವುದನ್ನೇ ನಿಲ್ಲಿಸಿದ್ದರು. ನಂಜಯ್ಯನವರ ಕೈ ನೇರವಾಗಿ ಕೊಂಬಿನಂಥ ಎಂಟು ಆಂಟೆನಾ ಇದ್ದ ಪೆಟ್ಟಿಗೆಯ ಮೇಲೆ ಹೋಯಿತು.

"ಕೊಂಬು ಜಾಸ್ತಿ ಇದ್ರೆ ಒಳ್ಳೇದು ಅಂತಲ್ಲ ಮಾವ. ನಮ್ಮ ಮನೆ ಅಳತೆಗೆ ಇದು ಸಾಕು. ವೈಫೈ ಹರಡೋ ಇಂಥ ಪೆಟ್ಟಿಗೆಗೆ ಆಕ್ಸೆಸ್ ಪಾಯಿಂಟ್ ಅಂತಾರೆ. ಡಬ್ಬದ ಮೇಲೆ ನೋಡಿ, ಡಬ್ಲ್ಯೂಪಿಎ ತ್ರೀ ಅಂತ ಬರೆದಿದೆ. ಅದು ಬೀಗದ ಜಾತಿ. ತ್ರೀ ಇದ್ರೆ ಒಳ್ಳೇದು, ಕಡೇಪಕ್ಷ ಟೂ ಆದ್ರೂ ಇರಬೇಕು. ಎರಡು ಬ್ಯಾಂಡ್ ಇದೆ. ಒಂದು ಗೋಡೆ ದಾಟಿ ದೂರ ಹೋಗುತ್ತೆ, ಇನ್ನೊಂದು ಹತ್ತಿರಕ್ಕೆ ಜೋರಾಗಿ ಕೊಡುತ್ತೆ. ಅಪ್‌ಡೇಟೂ ಬರ್ತಾ ಇರುತ್ತೆ. ಮತ್ತೆ ಇದರಲ್ಲಿ ಗೆಸ್ಟ್ ಅಂತ ಒಂದಿದೆ, ಅದು ನಿಮಗೋಸ್ಕರ."

"ನಂಗ್ಯಾಕವ್ವ?"

"ಬೀಗರಿಗೆ, ಜಗಲಿಯವರಿಗೆ. ಅವರಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಅದರಿಂದ ಮನೆಯವರ ಕಂಪ್ಯೂಟರಿಗೆ ದಾರಿ ಇರಲ್ಲ. ಗುರುತಿರೋರಿಗೆ ಮಾತ್ರ ಹೇಳಿ, ಆಗಾಗ ಬದಲಾಯಿಸ್ತಾ ಇರಿ."

ಸಂಜೆ ಹೊತ್ತಿಗೆ ಕೆಲಸ ಮುಗಿಯಿತು. ಲೈನು ಬರುವ ಹಳೆಯ ಪೆಟ್ಟಿಗೆಯ ವೈಫೈ ಬಂದ್ ಮಾಡಿದರು. ಅಲ್ಲಿಂದ ವೈರು ಎಳೆದು ಹೊಸದನ್ನು ನಡುಮನೆಯ ಗೋಡೆಗೆ, ಎತ್ತರದಲ್ಲಿ ಕೂರಿಸಿದರು. ನಂಜಯ್ಯನವರು ಕಬ್ಬಿಣದ ಬೀರುವಿನ ಹಿಂದೆ ಇಟ್ಟರೆ ಕಣ್ಣಿಗೆ ಬೀಳುವುದಿಲ್ಲ ಎಂದಾಗ, ಕಬ್ಬಿಣ ಸಿಗ್ನಲನ್ನು ತಡೆಯುತ್ತದೆ ಎಂದು ಅನುಪಮಾ ಬೇಡವೆಂದಳು. ಎರಡೂ ಪೆಟ್ಟಿಗೆಗಳ ತಳದಲ್ಲಿ ಅಂಟಿಸಿದ್ದ ಪಾಸ್‌ವರ್ಡನ್ನು ಮೊದಲು ಬದಲಾಯಿಸಿದಳು. ಮನೆಯ ಪಾಸ್‌ವರ್ಡಿಗೆ ಫೋನ್ ನಂಬರು ಬೇಡ, ಮನೆದೇವರ ಹೆಸರೂ ಬೇಡ ಎಂದಳು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತು ಸೇರಿಸಿ, ನಡುವೆ ಅಂಕಿ ಹಾಕಿ, ಉದ್ದನೆಯದೊಂದನ್ನು ಮಂಜುಶ್ರೀಯೇ ಇಟ್ಟಳು. ಹಿಂದಿನ ರೂಮಿನಲ್ಲಿ ಮೊದಲ ಸಲ ವೈಫೈ ಸಿಕ್ಕಿತು. ಸೋಮವಾರ ಅವಳು ಕೆಲಸಕ್ಕೆ ಸೇರಿದಳು.

ಆದರೆ ಪುಟ್ಟಮಾದಯ್ಯ ಜಗಲಿಗೆ ಬರಲಿಲ್ಲ. ಕಾದು ಕಾದು ನಂಜಯ್ಯನವರೇ ಆಟೋ ಸ್ಟ್ಯಾಂಡಿಗೆ ಹೋದರು. ಕಳ್ಳ ಸಿಗುವ ತನಕ ಅವನನ್ನು ಠಾಣೆಯಲ್ಲಿ ಕೂರಿಸಿಕೊಂಡಿದ್ದರಂತೆ. ಫೋನು ಇನ್ನೂ ವಾಪಸ್ ಬಂದಿರಲಿಲ್ಲ. ಸ್ಟ್ಯಾಂಡಿನ ಜನ ಅವನನ್ನು ಒಂಥರಾ ನೋಡುತ್ತಿದ್ದರು.

"ಹೊಸದಾಗಿ ಹಾಕ್ಸಿದೀವಿ ಕಣೋ," ಎಂದರು ನಂಜಯ್ಯನವರು. "ನಿಮಗೆಲ್ಲ ಬೇರೆ ಪಾಸ್‌ವರ್ಡ್ ಇಟ್ಟಿದೀನಿ. ಬಾ."

ಪುಟ್ಟಮಾದಯ್ಯ ಹ್ಯಾಂಡಲ್ ಮೇಲಿನಿಂದ ಕೈ ತೆಗೆಯಲಿಲ್ಲ. "ನಾನು ಓಡಿದ್ದು ಆಟೋ ಅಡ್ಡ ನಿಲ್ಸಿದ್ದೆ ಅಂತ ಕಣಣ್ಣ. ಪೊಲೀಸ್ನೋರು ಕೇಳ್ದಾಗ ಮೊದ್ಲು ನನ್ನ ಹೆಸರೇ ಬಂತಾ ನಿಮ್ಮ ಬಾಯಿಗೆ?"

ನಂಜಯ್ಯನವರು ಪಾಸ್‌ವರ್ಡ್ ಬರೆದಿದ್ದ ಚೀಟಿಯನ್ನು ಅವನ ಕಡೆ ಚಾಚಿದರು. ಅಷ್ಟರಲ್ಲಿ ಗಿರಾಕಿ ಬಂದರು, ಆಟೋ ಹೊರಟಿತು.

ಓದುಗರೇ, ನಂಜಯ್ಯನವರು ಕೆಟ್ಟವರಲ್ಲ. ನಿಮ್ಮ ಹಾಗೆ, ನನ್ನ ಹಾಗೆ ನಾಲ್ಕು ಜನ ಬೇಕೆನ್ನುವವರು. ಇವತ್ತು ಊಟಕ್ಕೆ ಕೂರುವ ಮೊದಲು ನಿಮ್ಮ ಮನೆಯ ವೈಫೈ ಪೆಟ್ಟಿಗೆಯನ್ನು ಒಂದು ಸಲ ನೋಡಿ. ಪಾಸ್‌ವರ್ಡ್ ಇಲ್ಲದಿದ್ದರೆ ಹಾಕಿ, ತಳದಲ್ಲಿ ಅಂಟಿಸಿದ್ದೇ ಇನ್ನೂ ಇದ್ದರೆ ಬದಲಾಯಿಸಿ, ಬೀದಿ ಕಿಟಕಿಯಲ್ಲಿದ್ದರೆ ನಡುಮನೆಗೆ ತನ್ನಿ. ಗೊತ್ತಾಗದಿದ್ದರೆ ಗೊತ್ತಿರುವವರನ್ನು ಕರೆದು ಕೇಳಿ, ಅದರಲ್ಲಿ ನಾಚಿಕೆಯಿಲ್ಲ. ಆನ್‌ಲೈನಿನಲ್ಲಿ ಹಣ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ. ನೆಂಟರಿಗೆ ಪಾಸ್‌ವರ್ಡ್ ಹೇಳಿ ಕೊಡುವುದು ಅವಮಾನವಲ್ಲ. ನಿಮ್ಮ ಮನೆಗೆ ಪ್ರೀತಿಯಿಂದ ಬರುವವರ ಹೆಸರನ್ನು ನೀವೇ ಪೊಲೀಸರ ಮುಂದೆ ಹೇಳಬೇಕಾಗಿ ಬರುತ್ತದಲ್ಲ, ಅದು ಅವಮಾನ.